ಪರದೆ ಹಿಂದಿನ ಕ್ಯಾಸೆಟ್ಟು

ಆಕೆಯ ಬಲಗೈ ಹೆಬ್ಬೆರಳಿನ ಉಗುರು ಉಳಿದ ಉಗುರುಗಳಿಗಿಂತ ದಪ್ಪಗೆ, ಕಂದು ಬಣ್ಣಕ್ಕೆ ತಿರುಗಿ, ಕೊಂಚ ಮೇಲಕ್ಕೆ ಬಾಗಿತ್ತು. ಬಿತ್ತನೆಯ ಕಡಲೆಕಾಯಿಯನ್ನು ಯಂತ್ರಕ್ಕೆ ಹಾಕಿದರೆ ಬೀಜ ಒಡೆಯುತ್ತದೆ, ಕೈಯಿಂದಲೇ ಸುಲಿಯಬೇಕು. ವರ್ಷಗಟ್ಟಲೆ ಹಾಗೆ ಸುಲಿದ ಉಗುರು ಅದು. ಮೈಕು ಕೈಗೆ ಕೊಟ್ಟರೆ ಆಕೆ ಮೊದಲು ಆ ಉಗುರಿನಿಂದ ಅದರ ಕುತ್ತಿಗೆಗೆ ಎರಡು ಸಲ ಕುಟ್ಟುತ್ತಿದ್ದಳು. ನನ್ನ ನಾಲ್ಕು ಹಾರ್ನ್ ಸ್ಪೀಕರುಗಳಲ್ಲೂ ಟಕ್ ಟಕ್ ಎಂದು ಕೇಳಿದರೆ ಮೈಕು ಸರಿಯಿದೆ ಎಂದರ್ಥ. ನಾನು 'ಹಲೋ ಹಲೋ, ಮೈಕ್ ಟೆಸ್ಟಿಂಗ್' ಎಂದು ಕೂಗಿದರೆ ಆಕೆಗೆ ನಗು. "ಯಾರಿಗ್ ಹಲೋ ಅಂತೀಯಾ ತಮ್ಮಾ? ಎದ್ರಿಗೆ ಬರೀ ಖಾಲಿ ಕುರ್ಚಿ ಅವೆ" ಎನ್ನುತ್ತಿದ್ದಳು.

ತೊಂಬತ್ತರ ದಶಕದಲ್ಲಿ ಚಳ್ಳಕೆರೆಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಸೌಂಡ್ ಸರ್ವಿಸ್ ಅಂಗಡಿಯಿತ್ತು. ಮದುವೆ, ನಾಮಕರಣ, ಚುನಾವಣೆ, ಸತ್ತವರ ಮನೆಯ ಭಜನೆ, ಎಲ್ಲಕ್ಕೂ ನನ್ನದೇ ಮೈಕು. ನನಗೆ ಆಗ ಇಪ್ಪತ್ತೆಂಟು. ಊರಲ್ಲಿ ನನ್ನಷ್ಟು ದೊಡ್ಡ ದನಿ ಇನ್ನೊಬ್ಬರದಿಲ್ಲ ಎಂಬ ಜಂಬ ಬೇರೆ. ಅದೇ ಓಣಿಯ ಕೊನೆಯ ಬಾಡಿಗೆ ಕೋಣೆಗೆ ಆಕೆ ಮಗಳ ಜೊತೆ ಬಂದು ಸೇರಿದಳು. ಊರು ನನ್ನಿವಾಳ. ಗಂಡ ತೀರಿಕೊಂಡಿದ್ದ. ಎಣ್ಣೆ ಮಿಲ್ಲಿನಲ್ಲಿ ಕಡಲೆಕಾಯಿ ಆರಿಸುವ, ಸುಲಿಯುವ ಕೆಲಸ. ಓಣಿಯವರೆಲ್ಲ ಮಿಲ್ಲಿನಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ನಮ್ಮ ಕಡೆ ಮದುವೆಯಲ್ಲಿ ಬೀಗರ ಹಾಡು ಇರಲೇಬೇಕು. ಊಟದ ಹೊತ್ತಿಗೆ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರನ್ನು ಹಾಡಿನಲ್ಲೇ ಬೈಯಬೇಕು: ಬೀಗರ ಹೊಟ್ಟೆ, ಬೀಗಿತಿಯ ಮೂಗು, ಮದುವಣಿಗನ ಸೋದರಮಾವನ ಗೊರಕೆ, ಏನೂ ಬಿಡುವಂತಿಲ್ಲ. ಅವರು ತಿರುಗಿ ಹಾಡಬೇಕು. ಹಾಡಿಗೆ ಹಾಡು ಕೊಡದೆ ಸುಮ್ಮನೆ ಕುಳಿತ ಕಡೆಯವರು ಸೋತಂತೆ. ಮಿಲ್ಲಿನಕ್ಕನ ಬಾಯಲ್ಲಿ ಇಂಥ ಹಾಡು ಲೆಕ್ಕವಿಲ್ಲದಷ್ಟಿದ್ದವು, ಇಲ್ಲದಿದ್ದರೆ ನಿಂತಲ್ಲೇ ಕಟ್ಟುತ್ತಿದ್ದಳು. ಆದರೆ ಯಾರೂ ಕರೆಯುತ್ತಿರಲಿಲ್ಲ. ಬೀಗರ ಹಾಡು ಮುತ್ತೈದೆಯರದು, ಈಕೆ ಗಂಡ ಸತ್ತವಳು. "ಸತ್ತೋರ ಮನೇಗೆ ಭಜನೆಗೆ ಕರೀತಾರೆ. ನಂಗೆ ಭಜನೆ ಬರಾಕಿಲ್ಲ, ಬೈಯೋದು ಬರ್ತೈತೆ" ಎಂದು ಒಮ್ಮೆ ಹೇಳಿದಳು. ಹೇಳಿದ್ದು ನಗುತ್ತಲೇ.

ನನ್ನ ಚಿಕ್ಕಪ್ಪನ ಮಗ ಎಣ್ಣೆ ಟ್ಯಾಂಕರ್ ಓಡಿಸುತ್ತಿದ್ದ. ಬೊಂಬಾಯಿಗೆ ಹೋದಾಗಲೆಲ್ಲ ಫುಟ್‌ಪಾತಿನಲ್ಲಿ ರಾಶಿ ಹಾಕಿದ ಕ್ಯಾಸೆಟ್ಟುಗಳನ್ನು ಮುಖ ನೋಡಿ ಆರಿಸಿ ತರುತ್ತಿದ್ದ. ಒಂದು ಸಲ ತಂದದ್ದರ ಮೇಲೆ ಕಪ್ಪಗಿನ ಹೆಂಗಸೊಬ್ಬಳು, ಬಳೆಯಷ್ಟು ಅಗಲದ ಓಲೆ ಹಾಕಿಕೊಂಡು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ನಾನು ಪಿಯುಸಿವರೆಗೆ ಓದಿದವನು, ಹಿಂದಿನ ಇಂಗ್ಲಿಷನ್ನು ಕೂಡಿಸಿ ಕೂಡಿಸಿ ಓದಿದೆ. ಜಮೈಕಾದವಳು. ಜಮೈಕಾ ಎಂದರೆ ನನಗೆ ಗೊತ್ತಿದ್ದದ್ದು ವೇಗದ ಬೌಲರುಗಳು ಮಾತ್ರ. ಬಡವರ ಓಣಿಯಲ್ಲಿ ಹುಟ್ಟಿದವಳಂತೆ, ತಾಯಿ ಸಂತೆಯಲ್ಲಿ ತರಕಾರಿ ಮಾರುತ್ತಿದ್ದಳಂತೆ, ಬೀದಿಯಲ್ಲಿ ದೊಡ್ಡ ದೊಡ್ಡ ಸೌಂಡ್ ಬಾಕ್ಸು ನಿಲ್ಲಿಸಿ ಕುಣಿಯುವ ಕಡೆ ಮೈಕು ಹಿಡಿದು ಹೆಸರು ಮಾಡಿದಳಂತೆ. ಅಲ್ಲಿ ಆ ಹಾಡಿಗೆ ಡಾನ್ಸ್‌ಹಾಲ್ ಎನ್ನುತ್ತಾರೆ.

ಒಂದನೇ ಸೈಡಿನಲ್ಲಿ ಆಕೆ ಹಾಡಿದ್ದಳು. ಹಾಡು ಅನ್ನುವುದಕ್ಕಿಂತ ತಾಳಕ್ಕೆ ಸರಿಯಾಗಿ ಯಾರನ್ನೋ ದಬಾಯಿಸಿದ ಹಾಗಿತ್ತು. ತಿರುಗಿಸಿ ಹಾಕಿದರೆ ಎರಡನೇ ಸೈಡಿನಲ್ಲಿ ಬರೀ ಬಡಿತ. ಅದೇ ಡ್ರಮ್ಮು, ಅದೇ ಗುಮ್ ಗುಮ್, ದನಿಯೇ ಇಲ್ಲ. ಡೂಪ್ಲಿಕೇಟ್ ಮಾಡುವವರು ಕೆಡಿಸಿದ್ದಾರೆ ಎಂದು ಬೈದುಕೊಂಡು, ಅದರ ಮೇಲೆ ಬೇರೇನಾದರೂ ತುಂಬೋಣವೆಂದು ರೆಕಾರ್ಡ್ ಗುಂಡಿಗೆ ಕೈಯಿಟ್ಟೆ. ಮಿಲ್ಲಿನಕ್ಕ ತನ್ನ ರೇಡಿಯೋ ರಿಪೇರಿಗೆಂದು ಬಂದು ಬಾಗಿಲಲ್ಲಿ ಕೂತಿದ್ದಳು.

"ಅಳಿಸ್ಬ್ಯಾಡ ತಮ್ಮಾ" ಎಂದಳು. "ಕೆಟ್ಟಿಲ್ಲ ಅದು. ಆಯಮ್ಮ ಜಾಗ ಬಿಟ್ಟವ್ಳೆ."

"ಯಾರಿಗೆ?"

"ಬಾಯಿ ಇರೋರಿಗೆ."

ಮೈಕು ಇಸಿದುಕೊಂಡು, ಆ ಬಡಿತದ ಮೇಲೆ, ನನ್ನ ಅಂಗಡಿಯ ಧೂಳು, ನನ್ನ ಗಡ್ಡ, ಮೂರು ವಾರದಿಂದ ಆಗದ ರೇಡಿಯೋ ರಿಪೇರಿ ಎಲ್ಲವನ್ನೂ ಸೇರಿಸಿ ಬೀಗರ ಹಾಡಿನ ಮಟ್ಟಿನಲ್ಲಿ ಹತ್ತು ನಿಮಿಷ ಬೈದಳು. ಒಂದು ಏಟೂ ತಪ್ಪಲಿಲ್ಲ. ಬಸ್‌ಸ್ಟ್ಯಾಂಡಿನಿಂದ ಜನ ಓಡಿಬಂದರು. ಬಹಳ ವರ್ಷಗಳ ನಂತರ ಓದಿ ತಿಳಿದೆ, ಆ ದ್ವೀಪದಲ್ಲಿ ರೆಕಾರ್ಡಿನ ಒಂದು ಮಗ್ಗುಲನ್ನು ಬೇಕೆಂದೇ ದನಿಯಿಲ್ಲದೆ ಬರೀ ಬಡಿತಕ್ಕೆ ಬಿಡುತ್ತಾರೆ, ಯಾರು ಬೇಕಾದರೂ ಮೈಕು ಹಿಡಿದು ತಮ್ಮ ಮಾತು ಹಾಕಲಿ ಎಂದು. ಓಡಿಹೋಗಿ ಹೇಳಿದರೆ ಮಿಲ್ಲಿನಕ್ಕನಿಗೆ ಏನೂ ಆಶ್ಚರ್ಯವಾಗಲಿಲ್ಲ. "ಅವತ್ತೇ ಹೇಳಿದ್ನಲ್ಲ" ಎಂದಳು.

ಆ ಬಡಿತ, ಆ ಬಾಯಿ ಎರಡೂ ನನ್ನ ಅಂಗಡಿಯಲ್ಲಿರುವಾಗ ನಾನು ಸುಮ್ಮನಿರುತ್ತೇನೆಯೇ? ಆದರೆ ಗಂಡ ಸತ್ತವಳನ್ನು ಮದುವೆ ಚಪ್ಪರದಲ್ಲಿ ಹಾಡಿಸುತ್ತೇನೆ ಎಂದರೆ ಮಾರನೇ ದಿನದಿಂದ ನನಗೆ ಕೆಲಸವಿಲ್ಲ. ಉಪಾಯ ಹೂಡಿದೆ. ಆಂಪ್ಲಿಫೈಯರ್ ಮೇಜಿನ ಸುತ್ತ ಪರದೆ ಕಟ್ಟಿ ಒಳಗೆ ಆಕೆಯನ್ನು ಕೂರಿಸಿದೆ. ಮದುವೆ ಮನೆಯವರಿಗೆ, "ಹೊಸಾ ಬೀಗರ ಹಾಡಿನ ಕ್ಯಾಸೆಟ್ ಬಂದೈತ್ರಿ, ಬೆಂಗಳೂರಿಂದು" ಎಂದೆ. ಆಕೆ ಒಪ್ಪಿದಳು. "ಕ್ಯಾಸೆಟ್ಟಾದ್ರೆ ಕ್ಯಾಸೆಟ್ಟು. ಹಾಡಂತೂ ಹಾಡ್ತೀನಲ್ಲ" ಎಂದಳು.

ಊಟಕ್ಕೆ ಮುಂಚೆ ನಾನು ಚಪ್ಪರದಲ್ಲಿ ಸುತ್ತಾಡಿ ಬೀಗರ ಸುದ್ದಿ ಸಂಗ್ರಹಿಸಿ ಪರದೆಯೊಳಗೆ ಮುಟ್ಟಿಸುತ್ತಿದ್ದೆ. ದೊಡ್ಡಉಳ್ಳಾರ್ತಿಯ ಒಂದು ಮದುವೆಯಲ್ಲಿ ಹುಡುಗನ ಸೋದರಮಾವ ಬರುವಾಗ ಬಸ್ಸಿನಲ್ಲಿ ಚಪ್ಪಲಿ ಕಳೆದುಕೊಂಡು ಬರಿಗಾಲಲ್ಲಿ ಬಂದದ್ದು ಹಾಡಾಗಿ ಬಂತು. ಆತ ಎಲೆ ಮುಂದಿನಿಂದ ಎದ್ದು ಬಂದು ನನ್ನನ್ನು ಹಿಡಿದ. "ಲೇ, ನನ್ ಚಪ್ಲಿ ಕಳ್ದಿದ್ದು ಬೆಂಗ್ಳೂರ್ ಕ್ಯಾಸೆಟ್‌ಗೆ ಹೆಂಗ್ ಗೊತ್ತಾತ್ಲೇ?" ಎಂದ. ಸ್ಪೆಷಲ್ ಆರ್ಡರ್ ಎಂದೆ. ನಂಬಿಬಿಟ್ಟ. ಎಲ್ಲರೂ ನಂಬಿದರು. ಐದು ವರ್ಷ ಎರಡು ತಾಲ್ಲೂಕಿನ ಮದುವೆಗಳು ಹೀಗೇ ನಡೆದವು.

ಈ ನಡುವೆ ಜಮೈಕಾದಾಕೆಯ ಇನ್ನೆರಡು ಕ್ಯಾಸೆಟ್ಟು ಟ್ಯಾಂಕರಿನಲ್ಲಿ ಬಂದವು. ಎರಡನೆಯದರ ಮೇಲೆ ಕತ್ತಿನ ತುಂಬ ಚಿನ್ನ, ಹಿಂದೆ ಕಾರು. ಮಿಲ್ಲಿನಕ್ಕನಿಗೆ ಅಕ್ಕತಂಗಿಯರು ಉದ್ಧಾರವಾದಷ್ಟು ಸಂತೋಷ. ಮೂರನೆಯದರಲ್ಲಿ ಓಲೆಯಿಲ್ಲ, ಮೈ ತುಂಬ ಬಿಳಿ ಬಟ್ಟೆ, ಎರಡೂ ಸೈಡಿನಲ್ಲಿ ನಿಧಾನದ ಹಾಡುಗಳು. ದಬಾಯಿಸುವುದನ್ನು ಬಿಟ್ಟು ದೇವರ ಹಾಡಿಗೆ ತಿರುಗಿದ್ದಾಳೆ ಎಂದು ಓದಿ ಹೇಳಿದೆ. ಮಿಲ್ಲಿನಕ್ಕ ಪೂರ್ತಿ ಕೇಳಿದಳು. ನನಗೆ ಗೊತ್ತು, ಆಕೆಗೆ ಬೇಜಾರಾಯಿತು. "ಅವಳಿಷ್ಟ. ಒಳ್ಳೇದಾಗ್ಲಿ" ಎಂದಳು. ಆಮೇಲೆ, "ನಾನಂತೂ ತಿರುಗಾಕಿಲ್ಲ" ಎಂದಳು.

ಅಷ್ಟರಲ್ಲಿ ಮಗಳ ಮದುವೆ ಗೊತ್ತಾಯಿತು. ಹುಡುಗ ಮೊಳಕಾಲ್ಮೂರಿನ ರೇಷ್ಮೆ ಮಗ್ಗದ ಮನೆಯವನು. ಮದುವೆಯೂ ಅವರ ಮನೆ ಮುಂದೆಯೇ. ಎರಡು ದಿನ ಮುಂಚೆ ಹುಡುಗನ ದೊಡ್ಡಪ್ಪ, ಮೈಕು ಗೊತ್ತು ಮಾಡಿ ಹೆಣ್ಣಿನ ಕಡೆಗೂ ಮಾತು ಮುಟ್ಟಿಸಲೆಂದು, ನನ್ನ ಅಂಗಡಿಗೆ ಬಂದರು. ಎರಡು ಮಾತು ಹೇಳಿದರು. ಒಂದು, ಹುಡುಗಿಯ ತಾಯಿ ಮಂಟಪದ ಎದುರಿಗೆ ಬರುವುದು ಬೇಡ, ಒಳಗೇ ಇರಲಿ. ಎರಡು, "ಆ ಬೀಗರ ಹಾಡಿನ ಕ್ಯಾಸೆಟ್ ತಪ್ಪದೆ ತಗಂಬಾ. ನಮ್ ತಮ್ಮನ ಹೆಂಡ್ತಿ ಎಲ್ಲೋ ಕೇಳವ್ಳೆ, ಅದೇ ಬೇಕಂತೆ."

ಅಂಗಡಿಯ ಬಾಗಿಲೆಳೆದುಕೊಂಡು ಓಣಿಯ ಕೊನೆಗೆ ಹೋದೆ. ಮಿಲ್ಲಿನಕ್ಕನಿಗೆ ಹೇಳಿದೆ. ಆಕೆ ಮೊರದಲ್ಲಿನ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಕೇಳ್ದೋರಿಗೆ ಇಲ್ಲ ಅನ್ಬಾರ್ದು" ಎಂದಳಷ್ಟೆ.

ತಾಳಿ ಕಟ್ಟುವಾಗ ಆಕೆ ನನ್ನ ಪರದೆಯ ಸಂದಿಯಿಂದ ನೋಡಿದಳು. ಹೆತ್ತ ಮಗಳ ಧಾರೆಯನ್ನು ಸಂದಿಯಿಂದ. ನಾನು ಆಕೆಯ ಮುಖ ನೋಡಲಾರದೆ ಸುಮ್ಮನೆ ವಯರು ಸುತ್ತುತ್ತಾ ಕೂತೆ. ಊಟಕ್ಕೆ ಎಲೆ ಬಿದ್ದವು, ಬಡಿತ ಹಾಕಿದೆ, ಆಕೆ ಶುರು ಮಾಡಿದಳು. ಗಂಡಿನ ಕಡೆಯವರು ನಕ್ಕು ನಕ್ಕು ಸಾರು ಚೆಲ್ಲಿಕೊಂಡರು. ಹುಡುಗನ ತಾಯಿ, ಎತ್ತರದ ಗಟ್ಟಿ ಹೆಂಗಸು, ಕೈ ತೊಳೆದು ಬಂದು ಸೊಂಟಕ್ಕೆ ಸೆರಗು ಸಿಕ್ಕಿಸಿ, "ಬರೀ ಕ್ಯಾಸೆಟ್ ಹಾಕಿ ಬೈಸ್ತೀರಲ್ಲ, ಹೆಣ್ಣಿನ ಕಡೆ ಬಾಯಿರೋರು ಯಾರೂ ಹುಟ್ಲಿಲ್ವೇನ್ರಿ?" ಎಂದಳು.

"ಹುಟ್ಟವ್ರೆ, ಬೀಗ್ತಿ" ಎಂದಿತು ಕ್ಯಾಸೆಟ್ಟು.

ಪರದೆ ಸರಿಸಿಕೊಂಡು ಆಕೆ ಹೊರಗೆ ಬಂದಳು. ದೊಡ್ಡಪ್ಪ ನನ್ನ ಕಡೆ ತಿರುಗಿ, "ಆಫ್ ಮಾಡ್ಲೇ" ಎಂದರು. ನನ್ನ ಬೆರಳು ಗುಂಡಿಯ ಮೇಲೆಯೇ ಇತ್ತು. ಜೀವನದಲ್ಲಿ ನಾನು ಮಾಡಿದ ಧೈರ್ಯ ಒಂದೇ, ಆ ಬೆರಳನ್ನು ತೆಗೆದು ಮೈಕಿನ ವಯರಿನ ಸುರುಳಿ ಬಿಚ್ಚುತ್ತಾ ಹೋದದ್ದು. ಆಕೆ ನಡೆದಷ್ಟೂ ಬಿಟ್ಟೆ. ನೇರವಾಗಿ ಬೀಗಿತಿಯ ಎದುರು ಹೋಗಿ ನಿಂತು ಹಾಡಿದಳು:

ಕ್ಯಾಸೆಟ್ಟು ಅಂದ್ಕೊಂಡು ಕೇಳಿದ್ರಿ ಬೀಗರೆ
ಕಿವಿಗೆ ತಂಪಾಯ್ತು, ಕಣ್ಣಿಗೆ ಉರಿಯಾಯ್ತೆ?
ಹೆತ್ತೋಳು ನಾನೆ, ಸಾಕಿದೋಳು ನಾನೆ
ಹೆಣ್ಣಂತೂ ತಗೊಂಡ್ರಿ, ಹಾಡು ಬ್ಯಾಡಾಯ್ತೆ?

ಬಡಿತ ತನ್ನ ಪಾಡಿಗೆ ತಾನು ಹೊಡೆಯುತ್ತಿತ್ತು. ಎಲ್ಲರೂ ಬೀಗಿತಿಯನ್ನೇ ನೋಡಿದರು. ಆಕೆ ಕಕ್ಕಾಬಿಕ್ಕಿ. ಆದರೆ ನಾನಾಗಲೇ ಹೇಳಿದೆನಲ್ಲ, ಹಾಡು ಬಂದ ಮೇಲೆ ಸುಮ್ಮನೆ ಕುಳಿತರೆ ಸೋತಂತೆ. ಸೋಲುವ ಜಾತಿಯ ಹೆಂಗಸಲ್ಲ ಅವಳು. "ಅಮ್ಮೋ, ಈಯಮ್ಮ ಕ್ಯಾಸೆಟ್ ಕಾದಂಟ" ಎಂದು, ಈಕೆ ಕ್ಯಾಸೆಟ್ಟೇ ಅಲ್ಲವಂತೆ ಎಂದು, ತೆಲುಗಿನಲ್ಲಿ ತನ್ನವರಿಗೆ ಸಾರಿ, ಮೈಕು ಕಿತ್ತುಕೊಂಡು ತೆಲುಗು ಕನ್ನಡ ಬೆರೆಸಿ ತಿರುಗಿ ಹಾಡಿಯೇಬಿಟ್ಟಳು. ತಾಳ ಅಲ್ಲಲ್ಲಿ ತಪ್ಪಿತು, ಬಾಯಿ ತಪ್ಪಲಿಲ್ಲ. ದೊಡ್ಡಪ್ಪ ಎಲೆ ಬಿಟ್ಟು ಎದ್ದು ಹೋದರು. ಎರಡು ವರ್ಷ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಉಳಿದವರು ಕೂತು ಉಂಡರು. ಮದುಮಗಳು ಹಸೆಯ ಮೇಲಿನಿಂದಲೇ, ಅಳುತ್ತಾ ನಗುತ್ತಾ, "ಅವ್ವಾ, ಇನ್ನೊಂದ್ ಹೇಳು" ಎಂದಳು. ಮೂರು ಗಂಟೆಯವರೆಗೆ ಇಬ್ಬರು ಬೀಗಿತಿಯರೂ ಬಿಡಲಿಲ್ಲ.

ಅಂದಿನಿಂದ ನಾನು ಪರದೆ ಕಟ್ಟಲಿಲ್ಲ. ಕೆಲವರು ನಮ್ಮನ್ನು ಕರೆಯುವುದು ಬಿಟ್ಟರು, ಕೆಲವರು ಆಕೆಗೆ ಬಿಡುವಿದೆಯೋ ಎಂದು ಕೇಳಿಕೊಂಡೇ ಮುಹೂರ್ತ ಇಟ್ಟುಕೊಂಡರು. ಮೂರು ವರ್ಷದ ಮೇಲೆ ಮೊಳಕಾಲ್ಮೂರಿನ ಬೀಗರು, ಅಂದರೆ ಹುಡುಗನ ತಂದೆ, ತೀರಿಕೊಂಡರು. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಆ ಗಟ್ಟಿ ಬೀಗಿತಿ ಬಳೆಯಿಲ್ಲದ ಬರಿಗೈಯಲ್ಲಿ ಮಗ್ಗದ ಕೋಣೆ ಸೇರಿ ಕದ ಹಾಕಿಕೊಂಡಿದ್ದಳು. ಮಿಲ್ಲಿನಕ್ಕ ಮೈಕು ಹಿಡಿದೇ ಹೋಗಿ ಕದ ಬಡಿದಳು. ಹಾರ್ನಿನಲ್ಲಿ ಇಡೀ ಕೇರಿಗೆ ಕೇಳಿಸಿತು: "ಬಾರೇ ಬೀಗ್ತಿ ಹೊರಕ್ಕೆ. ನೀನಿಲ್ದೆ ನಾನ್ಯಾರನ್ನ ಬೈಲಿ?" ಅಗುಳಿ ತೆಗೆದ ಸದ್ದೂ ಹಾರ್ನಿನಲ್ಲೇ ಕೇಳಿತು.

ಮಿಲ್ಲಿನ ಧೂಳು ಆಕೆಯ ಎದೆಯಲ್ಲಿ ಕೂತಿತ್ತು. ಕೊನೆಯ ವರ್ಷ ಒಂದು ಸಾಲು ಮುಗಿಸುವುದರಲ್ಲಿ ಎರಡು ಸಲ ಉಸಿರು ತೆಗೆದುಕೊಳ್ಳಬೇಕಾಗುತ್ತಿತ್ತು. ಮಂಚದ ಪಕ್ಕ ಕೂತು ಒಂದು ಮಧ್ಯಾಹ್ನ ಕೇಳಿದೆ, "ಅಕ್ಕಾ, ಐದು ವರ್ಷ ನಿನ್ನನ್ನ ಕ್ಯಾಸೆಟ್ ಅಂದೆ. ಸಿಟ್ಟು ಬರ್ಲಿಲ್ವಾ?"

"ಬರ್ತಿತ್ತು. ನೀನು ಹೆದ್ರಿದ್ದೆ, ಗೊತ್ತಿತ್ತು. ಇದ್ದೋನು ನೀನೊಬ್ಬನೇ, ನಿನ್ ಹತ್ರಾನೇ ಕೆಲ್ಸ ತಗಳ್ಳಬೇಕಿತ್ತು" ಎಂದಳು. ಅದಾಗಿ ಹದಿನೈದು ದಿನಕ್ಕೆ ತೀರಿಕೊಂಡಳು. ಊರಿನ ದೊಡ್ಡ ದನಿ ಯಾರದೆಂದು ನನಗೆ ಅಷ್ಟು ಹೊತ್ತಿಗೆ ಚೆನ್ನಾಗಿ ಗೊತ್ತಿತ್ತು.

ಆ ಐದು ವರ್ಷಗಳಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಕಡೆ ನನ್ನ ಮೈಕು ಹಾಕಿಸಿ ಮದುವೆಯಾದವರಿಗೆ ಒಂದು ಮಾತು ಬಾಕಿಯಿದೆ, ಹೇಳಿಬಿಡುತ್ತೇನೆ. ನಿಮ್ಮ ಮದುವೆಯಲ್ಲಿ ಹಾಡಿದ್ದು ಕ್ಯಾಸೆಟ್ಟಲ್ಲ. ಗಂಡ ಸತ್ತ ಹೆಂಗಸೊಬ್ಬಳು ನಿಮ್ಮ ಚಪ್ಪರದೊಳಗೇ ಕೂತು, ನಿಮ್ಮ ಮುಹೂರ್ತದ ದಿನವೇ, ಬಾಯಿ ತುಂಬ ಹಾಡಿದಳು. ಈಗ ನಿಮ್ಮ ಮಕ್ಕಳ ಮದುವೆಗಳಿಗೆ ನನ್ನನ್ನು ಕರೆಯುತ್ತಿದ್ದೀರಿ. ಬಂದಾಗ ನೋಡುತ್ತೇನೆ, ಗಂಡ ಹೆಂಡಿರು ಜೊತೆಗೇ ನಿಂತು ಬಂದವರನ್ನು ಊಟಕ್ಕೆ ಕರೆಯುತ್ತಿರುತ್ತೀರಿ. ಎಲ್ಲರೂ ಚೆನ್ನಾಗಿಯೇ ಇದ್ದೀರಿ.