ಜೋಳದ ಹೊಲದಲ್ಲಿ ಸುಣ್ಣದ ಗುರುತು

ನಮ್ಮ ಸೋದರಮಾವನ ಧೋತರದ ಮೇಲೆ, ಎರಡೂ ಮೊಣಕಾಲಿನ ಜಾಗದಲ್ಲಿ, ಸದಾ ಮಣ್ಣಿನ ಕಲೆ. ಲಿಂಗಸುಗೂರಿನ ಕೋರ್ಟಿಗೂ ಹಾಗೆಯೇ ಹೋಗುವ ವಕೀಲರು. ಯಾವ ಜಾಗ ಕಂಡರೂ ಮೊಣಕಾಲೂರಿ, ಎರಡು ಕೈಯಲ್ಲಿ ಫ್ರೇಮ್ ಮಾಡಿ, ಒಂದು ಕಣ್ಣು ಮುಚ್ಚಿ ನೋಡಬೇಕು. "ಕಳ್ಳ ನಿಂತು ನೋಡಂಗಿಲ್ಲವ್ವಾ, ಕುಂತು ನೋಡ್ತಾನ," ಎನ್ನುವರು. ಪಿಕ್ಚರ್ ಎಂದರೆ ಅಷ್ಟು ಹುಚ್ಚು.

ತುಂಗಭದ್ರಾ ಕಾಲುವೆ ತೋಡುತ್ತಿದ್ದ ವರ್ಷಗಳವು. ಸಿಕಂದರಾಬಾದಿನ ಕಾನ್ವೆಂಟ್ ಕಾಲೇಜಿನಲ್ಲಿದ್ದ ನಾನು ಮತ್ತು ಗೆಳತಿಯರಿಬ್ಬರು, ಒಬ್ಬಳ ಡ್ಯಾಡಿಯ ಮೂವೀ ಕ್ಯಾಮೆರಾ ಹಿಡಿದು, ಕ್ರಿಸ್‌ಮಸ್ ರಜೆಯಲ್ಲಿ ಥ್ರಿಲ್ಲರ್ ತೆಗೆಯಲು ಹೊರಟಿದ್ದೆವು. ಮಾವ ಜೊತೆಗಿರುತ್ತಾರೆಂದೇ ಮನೆಯಲ್ಲಿ ಪರ್ಮಿಷನ್ ಸಿಕ್ಕಿತ್ತು. ಲೊಕೇಶನ್ ಆರಿಸುವ ಕೆಲಸವನ್ನು ಅವರು ನಮ್ಮಿಂದ ಕಿತ್ತುಕೊಂಡೇಬಿಟ್ಟರು. ಮಸ್ಕಿಯ ಬಂಡೆಗಳ ನಡುವೆ ಮರ್ಡರ್. ಸಿಂಧನೂರಿನ ಹತ್ತಿರ, ಗೊರೇಬಾಳದ ಜೋಳದ ಹೊಲದಲ್ಲಿ ಚೇಸ್. ಕಳ್ಳನ ಪಾರ್ಟಿನವನು ದಾರಿ ತಪ್ಪದಿರಲೆಂದು ಬದುವಿನ ಕಲ್ಲುಗಳಿಗೆ ತಾವೇ ಸುಣ್ಣ ಬಳಿದು ಬಂದರು.

ಮರುದಿನ ಬೆಳಿಗ್ಗೆ ಜೀಪಿಳಿದಾಗ ಅರ್ಧ ಹೊಲ ಬೋಳಾಗಿತ್ತು. ಕೊಯ್ದು ಕೆಡವಿದ ತೆನೆಗಳಲ್ಲಿ ಕಾಳಿನ್ನೂ ಹಾಲು. ರೈತ ಕುಡುಗೋಲು ಹಿಡಿದೇ ನಮ್ಮ ಕಡೆ ಬಂದ. ಅವನ ಹಿಂದೆ ಊರಿನ ಗಂಡಸರು, ಒಬ್ಬಿಬ್ಬರ ಕೈಯಲ್ಲಿ ಕೊಡಲಿ.

"ಕಾಲುವಿ ಲೈನ್ ಅತ್ಲಾಗ ಇತ್ತಲ್ರೀ. ನನ್ನ ಹೊಲದಾಗ ಸುಣ್ಣ ಯಾರು ಹಚ್ಚಿದ್ರು? ಮಷಿನ್ ಬಂದು ತುಳಿಯೂದ್ರಾಗ ಎತ್ತಿಗೆ ಮೇವಾದ್ರೂ ಆಗ್ಲಿ ಅಂತ ಕೊಯ್ಯಾಕತ್ತೀನಿ."

ಸರ್ವೆಯವರು ಸುಣ್ಣ ಬಳಿದ ಕಲ್ಲಿನ ಗುಂಟ ಕಾಲುವೆ ತೋಡುತ್ತಾರೆ. ಕಲ್ಲು ಬೆಳ್ಳಗಾದರೆ ಆ ಹೊಲ ಹೋದಂತೆಯೇ. ಊರಿಗೆಲ್ಲ ಗೊತ್ತಿದ್ದದ್ದು ನಮ್ಮ ವಕೀಲರಿಗೆ ಹೊಳೆದೇ ಇರಲಿಲ್ಲ. "ಸೇ ನಥಿಂಗ್," ಎಂದು ಗೆಳತಿ ಪಿಸುಗುಟ್ಟಿದಳು. ಸುಮ್ಮನಿದ್ದಿದ್ದರೆ ಬೈಗುಳ ಸರ್ವೆಯವರ ಪಾಲಾಗುತ್ತಿತ್ತು.

"ನಾ ಹಚ್ಚೀನಿ," ಎಂದರು ಮಾವ.

"ನೀವಾ? ಯಾಕ್ರೀ?"

"ಸಿನಿಮಾದಾಗ ಒಬ್ಬಾಂವ ಓಡಬೇಕಾಗಿತ್ತು."

ಯಾರೂ ನಗಲಿಲ್ಲ. ಕುಡುಗೋಲು ಮಾವನ ಎದೆಯ ಮಟ್ಟಕ್ಕೆ ಬಂದು ನಿಂತಿತು.

"ನಮ್ಮ ಹೊಲದ ರಾಶಿ ಆಗ್ಲಿ, ಜ್ವಾಳ ನಿನ್ನ ಮನಿಗೆ ಬರ್ತಾವಪ್ಪ."

"ಜ್ವಾಳ ಬರ್ತಾವ್ರೀ. ರಾತ್ರಿಯೆಲ್ಲಾ ನನ್ನ ಹೇಣ್ತಿ ಅತ್ತಾಳ, ಅದನ್ನ ಯಾವ ಚೀಲದಾಗ ತುಂಬಿ ಕಳಸ್ತೀರಿ?" ಬೋಳಾದ ನೆಲದ ಕಡೆ ಕೈ ಬೀಸಿದ. "ಬೈಲಾಗೈತಲ್ಲ, ಓಡಸ್ರಿ ಈಗ ನಿಮ್ಮಾಂವನ್ನ."

ಕೋರ್ಟಿನಲ್ಲಿ ಮುನ್ಸೀಫರನ್ನೇ ಸುಸ್ತು ಮಾಡುತ್ತಿದ್ದವರು ಬದುವಿನ ಮೇಲೆ ಮೊಣಕಾಲೂರಿದರು. ಹೆಗಲ ಮೇಲಿನ ಶಲ್ಯ ಒದ್ದೆ ಮಾಡಿಕೊಂಡು ಕಲ್ಲು ಒರೆಸತೊಡಗಿದರು. ಮಾವ ಬಗ್ಗಿದಲ್ಲೆಲ್ಲ ರೈತ ಬೆನ್ನ ಹಿಂದೆಯೇ ನಿಂತ. ಕೊನೆಯ ಕಲ್ಲು ಮುಗಿಯುವವರೆಗೂ ನಾವು ಜೀಪಿನ ಪಕ್ಕದಿಂದ ಅಲುಗಲಿಲ್ಲ. ಆಮೇಲೆ ಅವನು ಊರಿನತ್ತ ಹೋದ.

ಸುಗ್ಗಿಯಲ್ಲಿ ಮಾವ ಜೋಳದ ಬಂಡಿಯನ್ನು ತಾವೇ ಹೊಡೆದುಕೊಂಡು ಹೋದರಂತೆ. ಪಿಕ್ಚರ್ ಅಲ್ಲಿಗೇ ನಿಂತಿತು.

ಎಷ್ಟೋ ವರ್ಷಗಳ ನಂತರ, ಅವರು ತೀರಿಕೊಳ್ಳುವ ಹಿಂದಿನ ವಾರ ನೋಡಲು ಹೋಗಿದ್ದೆ. ದಾರಿಯಲ್ಲಿ ಗೊರೇಬಾಳದಲ್ಲಿ ಇಳಿದಿದ್ದೆ ಎಂದೊಡನೆ ಕಣ್ಣು ತೆರೆದರು.

"ಆ ಹೊಲಕ್ಕ ನೀರು ಬಂದಾವೇನವ್ವಾ?"

"ಬಂದಾವ್ರೀ ಮಾವ. ನೆಲ್ಲು ಹಚ್ಯಾರ."

"ಆಂವನ ಹೇಣ್ತಿ?"

"ಕಟ್ಟಿ ಮ್ಯಾಲ ಕುಂತಿದ್ಲು. ನಿಮ್ಮನ್ನ ಕೇಳಿದ್ಲು."

"ಏನಂತ?"

"ವಕೀಲ್ರ ಸಿನಿಮಾ ಮುಗೀತಾ ಅಂತ."



"ಬೈಯಲಿಲ್ಲಾ ಆಕಿ?" ಎಂದರು.