ಹಾಸನದಲ್ಲಿ ಕೂಗಿಸಿದ ಹೆಸರು

ನಮ್ಮ ಮನೆಗೆ ಚಕ್ರಗಳಿದ್ದದ್ದು ಒಂದು ಬೇಸಿಗೆ ಮಾತ್ರ. ಐವತ್ತರ ದಶಕದ ಕೊನೆಯ ಮಾತು. ನಮ್ಮನೆಯವರು ಒಂದು ಟೀ ಕಂಪನಿಯ ವ್ಯಾನು ಓಡಿಸುತ್ತಿದ್ದರು. ಹಳ್ಳಿಯ ಜನಕ್ಕೆ ಟೀ ರುಚಿ ಇನ್ನೂ ಸರಿಯಾಗಿ ಹತ್ತಿರಲಿಲ್ಲ. ಸಂತೆಯಿಂದ ಸಂತೆಗೆ ಹೋಗಿ, ಟೀ ಕಾಯಿಸಿ, ಪಿಂಗಾಣಿ ಬಟ್ಟಲಲ್ಲಿ ಪುಕ್ಕಟೆ ಕುಡಿಸಿ, ಆಮೇಲೆ ಪುಡಿಯ ಪೊಟ್ಟಣ ಮಾರುವುದು ಅವರ ಕೆಲಸ. ಊರಲ್ಲಿ ಅವರು ಇರುತ್ತಿದ್ದದ್ದೇ ಕಡಿಮೆ. ಆ ಬೇಸಿಗೆ ಮೇಲಿನವರನ್ನು ಕೇಳಿಕೊಂಡು, ನನ್ನನ್ನೂ ನಾಲ್ಕು ವರ್ಷದ ಮಗಳನ್ನೂ ಜೊತೆಗೆ ಹತ್ತಿಸಿಕೊಂಡರು.

ವ್ಯಾನಿನ ಹಿಂಭಾಗವೇ ನಮ್ಮ ಮನೆ. ಹಗಲು ಟೀ ಪೆಟ್ಟಿಗೆಗಳು ಎರಡೂ ಬದಿಗೆ, ರಾತ್ರಿ ಅವನ್ನೇ ಒಟ್ಟಿಗೆ ಸರಿಸಿ ಮೇಲೆ ಈಚಲು ಚಾಪೆ, ಕಂಬಳಿ. ಟೀ ಕಾಯಿಸುವ ಸ್ಟೌವಿನಲ್ಲೇ ಸಂಜೆ ಮುದ್ದೆ, ಹುರುಳಿ ಸಾರು. ಸಾರಿಗೂ ಟೀ ವಾಸನೆ, ತಲೆಗೂದಲಿಗೂ ಟೀ ವಾಸನೆ. ವ್ಯಾನಿನ ಬಾಗಿಲಿಂದ ಹತ್ತಿರದ ಮರಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದೆ. ಅರ್ಧ ಒಣಗುವುದರೊಳಗೆ ಹೊರಡುವ ಹೊತ್ತಾಗುತ್ತಿತ್ತು. ಚನ್ನರಾಯಪಟ್ಟಣ, ಹಳ್ಳಿಮೈಸೂರು, ಹಳೇಕೋಟೆ, ಹೊಳೆನರಸೀಪುರ ಎಲ್ಲ ಮುಗಿಸಿ ಹಾಸನಕ್ಕೆ ಬಂದೆವು. ಮಾರನೆಯ ದಿನ ಅರಕಲಗೂಡಿನ ಸಂತೆಗೆ ಹೋಗಬೇಕಿತ್ತು.

ಮುಂದಿನದು ಅರ್ಥವಾಗಬೇಕಾದರೆ ಒಂದು ವಿಷಯ ಹೇಳಿಬಿಡಬೇಕು. ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ಹೇಳಿದರೆ ಅವನ ಆಯಸ್ಸು ಕರಗುತ್ತದೆ ಎಂದು ನಮ್ಮಮ್ಮ, ಅವರಮ್ಮ, ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ. ಹೋದಲ್ಲೆಲ್ಲ ಯಾರಾದರೂ "ಯಾರ ಮನೆಯೋಳವ್ವಾ?" ಎಂದು ಕೇಳಿದರೆ ನಾನು ಮಗಳ ಬೆನ್ನು ತಟ್ಟುತ್ತಿದ್ದೆ. ಅವಳು ಅಪ್ಪನ ಹೆಸರನ್ನು ಅರಳು ಹುರಿದ ಹಾಗೆ ಹೇಳುತ್ತಿದ್ದಳು. ಆ ವಿಷಯದಲ್ಲಿ ನನ್ನ ಬಾಯಿ ಅವಳೇ.

ಹಾಸನದಲ್ಲಿ ಪೇಟೆಯ ತುದಿಗೆ ವ್ಯಾನು ನಿಲ್ಲಿಸಿ ಇವರು ಟೀ ಕಾಯಿಸಲು ಕೂತ ಮೇಲೆ, ಪೇಟೆ ನೋಡಿಬರುತ್ತೇನೆಂದು ಮಗಳ ಕೈ ಹಿಡಿದು ಹೊರಟೆ. "ದಾರಿ ಗೊತ್ತಾಯ್ತದಾ?" ಎಂದರು. "ಗೊತ್ತಾಗ್ದಿದ್ರೆ ಟೀ ವಾಸ್ನೆ ಇಡ್ಕಂಡು ಬತ್ತೀನಿ ಬುಡಿ" ಎಂದೆ. ಜವಳಿ ಅಂಗಡಿಗಳ ಗಾಜಿನ ಬೀರು, ಸೈಕಲ್ ಶಾಪು, ಹೋಟೆಲಿನಿಂದ ಬರುವ ದೋಸೆಯ ಹೊಗೆ, ಎಲ್ಲವನ್ನೂ ನಿಂತು ನಿಂತು ನೋಡಿದೆವು. ಕೊನೆಗೆ ಬಳೆ ಅಂಗಡಿಗೆ ಹತ್ತಿದೆವು. ಬಳೆಗಾರ ನನ್ನ ಅಂಗೈ ಒತ್ತಿ ಒತ್ತಿ, ಹಸಿರು ಬಳೆಗಳನ್ನು ಗೆಣ್ಣಿನವರೆಗೆ ತಂದಿದ್ದ. ಬೀದಿಯಲ್ಲಿ ಯಾವುದೋ ಮೋಟಾರು ಹಾರ್ನ್ ಮಾಡಿಕೊಂಡು ಹೋಯಿತು. ನನ್ನ ಸೆರಗು ಹಿಡಿದಿದ್ದ ಪುಟ್ಟ ಕೈ ಸಡಿಲವಾಯಿತು.

ತಿರುಗಿದೆ. ಮಗಳಿಲ್ಲ. ಕೈ ಎಳೆದುಕೊಳ್ಳಲು ಹೋದರೆ ಬಳೆಗಾರ "ಅಲ್ಲಾಡ್ಬೇಡ ತಾಯಿ, ಒಡೆದೋಯ್ತದೆ!" ಎಂದು ಬಿಗಿಯಾಗಿ ಹಿಡಿದ. ಎಳೆದೆ. ಬಳೆ ಒಡೆದು ಗೆಣ್ಣು ಕೊಯ್ಯಿತು. ಬೀದಿಯ ಆ ತುದಿ ನೋಡಿದೆ, ಈ ತುದಿ ನೋಡಿದೆ. ಎಲ್ಲಿ ನೋಡಿದರೂ ದೊಡ್ಡವರ ಕಾಲುಗಳೇ.

ಆಗ ನನಗೆ ಹೊಳೆದದ್ದು ಸುಂಕದ ಕಟ್ಟೆ. ನಮ್ಮ ಕಡೆ ಸಂತೆಯಲ್ಲಿ ಮಗು ತಪ್ಪಿಸಿಕೊಂಡರೆ, ಸಿಕ್ಕಿದವರು ಸುಂಕ ವಸೂಲಿ ಮಾಡುವವನ ಕಟ್ಟೆಯ ಮೇಲೆ ಕೂರಿಸಿ ಹೋಗುತ್ತಾರೆ. ಹೆತ್ತವರು ನೇರ ಅಲ್ಲಿಗೇ ಬರುತ್ತಾರೆ. ಸಂತೆ ಮೈದಾನ ಕೇಳಿಕೊಂಡು ಓಡಿದೆ. ಅವತ್ತು ಸಂತೆಯ ದಿನವಲ್ಲ. ಕಟ್ಟೆಗೆ ಒಂದು ಹಸು ಮೈ ಉಜ್ಜುತ್ತಿತ್ತು. ಅಲ್ಲಿ ನಿಂತ ಮೇಲೆ ನಿಜವಾದ ಭಯ ಶುರುವಾಯಿತು. ಆ ದಿನಗಳಲ್ಲಿ ಸೇತುವೆ ಕಟ್ಟುವ ಕಡೆ ಬಲಿ ಕೊಡಲು ಮಕ್ಕಳನ್ನು ಹಿಡಿದುಕೊಂಡು ಹೋಗುತ್ತಾರೆಂಬ ಗಾಳಿಸುದ್ದಿ ಹಳ್ಳಿ ಹಳ್ಳಿಗೂ ಹಬ್ಬಿತ್ತು. ಅದನ್ನು ನಂಬದ ನಾನು, ಆ ಖಾಲಿ ಮೈದಾನದಲ್ಲಿ ನಂಬಿದೆ.

ಸೌದೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ನನ್ನ ಮುಖ ನೋಡಿಯೇ ಹೊರೆ ಇಳಿಸಿ, ಮಗು ಕಳೆದದ್ದನ್ನು ಕೇಳಿಕೊಂಡಳು. "ಇಲ್ಯಾಕ್ ನಿಂತಿದ್ದೀಯವ್ವ? ಇದು ಪ್ಯಾಟೆ. ಬಸ್‌ಸ್ಟ್ಯಾಂಡ್ಗೆ ಓಗು. ಅಲ್ಲಿ ಏಜೆಂಟು ತುತ್ತೂರೀಲಿ ಕೂಗ್ತಾನೆ."

ಬಸ್‌ಸ್ಟ್ಯಾಂಡಿನಲ್ಲಿ ಏಜೆಂಟು ತಗಡಿನ ತುತ್ತೂರಿ ಬಾಯಿಗಿಟ್ಟು ಊರುಗಳ ಹೆಸರು ಕೂಗುತ್ತಿದ್ದ. ಏದುಸಿರಲ್ಲೇ ಹೇಳಿದೆ. ಒಳ್ಳೆಯ ಮನುಷ್ಯ, ತಕ್ಷಣ ಕೂಗಿದ: "ಪುಟ್ಟಿ ಅನ್ನೋ ಮಗು ತಪ್ಪಿಸ್ಕಂಡದೆ!" ಎಲ್ಲರ ಮನೆಯಲ್ಲೂ ಒಬ್ಬಳು ಪುಟ್ಟಿ. ಮೂರು ಕಡೆಯಿಂದ ಮೂವರು ಪುಟ್ಟಿಯರು ತಿರುಗಿ ನೋಡಿದರು. ಯಾರೂ ನನ್ನವಳಲ್ಲ.

"ಇಂಗಾದ್ರೆ ಆಗಾಕಿಲ್ಲ ತಾಯಿ. ಅಪ್ಪನ ಎಸ್ರೇಳಿ. ಇಂತೋರ ಮಗಳು ಅಂತ ಕೂಗ್ತೀನಿ."

"ನಮ್ಮನೆಯೋರು" ಎಂದೆ.

"ನಿಮ್ಮನೆಯೋರು ಸರಿ. ಅವ್ರಿಗೊಂದು ಎಸ್ರಿಲ್ವಾ?"

"ಶಿವನ ಎಸ್ರು."

"ಶಿವಂಗೆ ಸಾವ್ರ ಎಸ್ರು ಕಣವ್ವ! ಯಾವುದ್ನ ಕೂಗ್ಲಿ?"

ಸುತ್ತ ನಿಂತಿದ್ದವರು ನಕ್ಕರು. ಕಡಲೆಕಾಯಿ ಮಾರುವವಳು ಮಾತ್ರ ನಗಲಿಲ್ಲ. "ಅವಳ್ನ ಯಾಕ್ರಲಾ ಗೋಳುಯ್ಕತೀರ? ನಿಮ್ಮ ಎಂಡ್ರು ಎಸ್ರೇಳ್ತಾರಾ?" ಎಂದು ಗದರಿದಳು. ಆಮೇಲೆ ನನ್ನ ಕಡೆ ತಿರುಗಿ, "ಆದ್ರೂ ಏಳ್ಬುಡವ್ವ. ಎಸ್ರಿಗಿಂತ ಕೂಸು ದೊಡ್ದು" ಎಂದಳು.

ಯಾವಾಗಲೂ ಹೆಸರು ಹೇಳುವವಳು ಕಾಣೆಯಾಗಿದ್ದಳು. ಅವಳನ್ನು ಹುಡುಕಲು ಆ ಹೆಸರು ಬೇಕಿತ್ತು. ಅಷ್ಟರಲ್ಲಿ ಹೊಳೆನರಸೀಪುರದ ಬಸ್ಸಿನ ಡ್ರೈವರು ಎಂಜಿನ್ ಚಾಲೂ ಮಾಡಿದ. ಏಜೆಂಟು ಆ ಕಡೆ ತಿರುಗಿದ. ಕಂಡಕ್ಟರು ರೈಟ್ ಎಂದು ತಗಡು ಬಡಿದ. ಬಸ್ಸು ಒಮ್ಮೆ ಜಗ್ಗಿತು. ನನ್ನ ಮಗು ಯಾವ ಬಸ್ಸಿನಲ್ಲಿ, ಯಾವ ಗಾಡಿಯಲ್ಲಿ ಹೋಗುತ್ತಿದೆಯೋ ಎಂಬ ಯೋಚನೆ ಬಂದದ್ದೇ, ಕಣ್ಣು ಮುಚ್ಚಿಕೊಂಡು ಗಂಡನ ಹೆಸರು ಹೇಳಿಬಿಟ್ಟೆ. ಮೆಲ್ಲಗಲ್ಲ, ಕಿರುಚಿ ಹೇಳಿದೆ. ಏಜೆಂಟು ಅದನ್ನೇ ತುತ್ತೂರಿಯಲ್ಲಿ ಇಡೀ ನಿಲ್ದಾಣಕ್ಕೆ ಕೇಳುವಂತೆ ಕೂಗಿದ.

ಹೊರಟಿದ್ದ ಬಸ್ಸಿನ ಹಿಂದಿನ ಕಿಟಕಿಯಿಂದ ಮುದುಕಿಯೊಬ್ಬಳ ತಲೆ ಹೊರಬಂತು. "ಏ ನಿಲ್ಸ್ಲಾ, ನಿಲ್ಸು! ಅವ್ನ ಕೂಸು ನನ್ ಮಡ್ಲಾಗದೆ!"

ಮಗಳು ನಿದ್ದೆಯಲ್ಲಿದ್ದಳು. ಕೆನ್ನೆಯ ಮೇಲೆ ಕಣ್ಣೀರಿನ ಗೆರೆ, ಕೈಯಲ್ಲಿ ಅರ್ಧ ಬಾಳೆಹಣ್ಣು. ಮುದುಕಿ ಹಳ್ಳಿಮೈಸೂರಿನವಳು. ನಮ್ಮ ವ್ಯಾನಿನಂಥದೇ ವ್ಯಾನೊಂದು ಹೋದಾಗ, ಮನೆ ನಮ್ಮನ್ನು ಬಿಟ್ಟು ಹೋಗುತ್ತಿದೆಯೆಂದು ಮಗಳು ಅಳುತ್ತ ಹಿಂದೆ ಓಡಿದ್ದಳಂತೆ. ಅವಳನ್ನು ತಡೆದವಳೇ ಈ ಅಜ್ಜಿ. ನಾನು ಕಿಟಕಿಯಿಂದಲೇ ಮಗಳನ್ನು ಎಳೆದುಕೊಂಡು, "ಕೂಗಿದ್ದು ಕೇಳ್ಲಿಲ್ವೇನಜ್ಜಿ?" ಎಂದು ಸಿಡುಕಿದೆ.

"ಕೇಳ್ತು ಕಣವ್ವ. ತಪ್ಪಿಸ್ಕಂಡಿರೋ ಮಗ ಅಂದ. ಇದೆಲ್ಲಿ ತಪ್ಪಿಸ್ಕಂಡದೆ? ಅಪ್ಪನ ಎಸ್ರು ಏಳ್ತು. ಮನೆ ಎಲ್ಲವ್ವ ಅಂದ್ರೆ, ಹಳ್ಳಿಮೈಸೂರಾಗೆ ಇತ್ತು ಅಂತು. ನಮ್ಮೂರ್ನ ಕೂಸು ಅಂತ ಕರ್ಕಂಡು ಬಸ್ ಅತ್ತಿದೆ. ಮನೆ ಎಲ್ಲಿ ಅಂದ್ರೆ 'ಇತ್ತು' ಅನ್ನೋ ಮಕ್ಳ ನಾನೆಲ್ಲಿ ಕಂಡಿದ್ದೀನಿ?"

ನಾನು ಅವಳ ಕೈ ಹಿಡಿದು ಹಣೆಗೊತ್ತಿಕೊಂಡೆ. ಬಸ್ಸು ಹೋಯಿತು.

ವ್ಯಾನಿಗೆ ಬಂದಾಗ ಇವರಿಗೆ ಸುದ್ದಿ ಮುಟ್ಟಿಯಾಗಿತ್ತು. ಸ್ಟೌವ್ ಆರಿಸಿ, ಮಗಳನ್ನು ಎತ್ತಿಕೊಂಡು, ತಲೆಯಿಂದ ಕಾಲಿನವರೆಗೆ ಸವರಿದರು. ಆಮೇಲೆ, "ಬಸ್‌ಸ್ಟ್ಯಾಂಡೆಲ್ಲ ನನ್ನೆಸ್ರು ಕೂಗ್ಸಿದ್ಯಂತೆ. ಎಲೆಕ್ಷನ್ಗೆ ನಿಲ್ಲುಸ್ತೀಯಾ ನನ್ನ?" ಎಂದರು. ನನಗೆ ನಗು ಬರಲಿಲ್ಲ. ಮಗಳು ಸಿಕ್ಕಳು, ಆದರೆ ಇವರ ಆಯಸ್ಸಿಗೆ ಏನು ಮಾಡಿಬಿಟ್ಟೆನೋ ಎಂಬ ಚಿಂತೆ ಹತ್ತಿತು.

ಮರುದಿನ ಅರಕಲಗೂಡಿನ ದಾರಿಯಲ್ಲಿ ನಾನು ಹಿಂದೆ ಕೂರಲಿಲ್ಲ. ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಇವರ ಪಕ್ಕ ಕೂತೆ. ಪ್ರತಿ ತಿರುವಿನಲ್ಲೂ ಎದುರಿಗೆ ಲಾರಿ ಬರುತ್ತದೆಯೇ ಎಂದು ನೋಡುತ್ತಿದ್ದೆ. "ಮೆಲ್ಲಗೆ ಓಡ್ಸಿ" ಎಂದೆ. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಎಂದೆ. ಇವರು ನನ್ನನ್ನು ಒಮ್ಮೆ ನೋಡಿದರು. ಎತ್ತಿನ ಗಾಡಿಗಳು ನಮ್ಮನ್ನು ಹಿಂದೆ ಹಾಕುವಷ್ಟು ಮೆಲ್ಲಗೆ ಓಡಿಸಿದರು. ಸಂತೆ ಅರ್ಧ ಮುಗಿದ ಮೇಲೆ ನಾವು ಅರಕಲಗೂಡು ಮುಟ್ಟಿದೆವು.