ಕಂಪ್ಯೂಟರ್ ಅಂಗಡಿಯವರ ಅಲಾರಂ

ತಿ. ನರಸೀಪುರದಲ್ಲಿ ಪಹಣಿ ತೆಗೆದುಕೊಡುವ ಕಂಪ್ಯೂಟರ್ ಅಂಗಡಿಯವರೊಬ್ಬರಿದ್ದರು. ಜನ ಎಷ್ಟೇ ಕೂಗಾಡಲಿ, ಕನ್ನಡಕ ತೆಗೆದು ಶರ್ಟಿನ ತುದಿಯಲ್ಲಿ ಒರೆಸುತ್ತಾ, "ಆಗ್ಲಿ ಬುಡಿ, ನೋಡಾವ" ಎನ್ನುತ್ತಿದ್ದರು. ಗಂಟೆಗೊಂದು ಸಲ ಅವರ ಕಂಪ್ಯೂಟರ್ ಟಿಣ್ ಎನ್ನುತ್ತಿತ್ತು, ಅದರ ಮೇಲೆ ಏನೋ ಬರಹ ಮೂಡುತ್ತಿತ್ತು. ಓದಿಕೊಂಡು ತಟ್ಟನೆ ಅಳಿಸಿಬಿಡುವರು. "ಅದೇನ್ ಸಾ?" ಎಂದು ನಾನು ಕೇಳಿದರೆ, "ಅಲಾರಂ ಕಣಮ್ಮ, ಮರೀಬಾರದ್ದ ನೆಪ್ಪು ಮಾಡ್ತದೆ" ಎನ್ನುವರು.

ನಾನು ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಮೊಮ್ಮಗಳು ಓದಲು ಕಲಿತ ವರ್ಷ ಹಿಗ್ಗಿ ಹೀರೇಕಾಯಿ ಆಗಿದ್ದೆ. ಬಸ್ಸಿನ ಬೋರ್ಡು, ಸೋಪಿನ ಕವರು, ಏನು ಕಂಡರೂ ಸುತ್ತಲಿದ್ದವರಿಗೆಲ್ಲ ಕೇಳುವಂತೆ ಓದಿಸುತ್ತಿದ್ದೆ.

ಅವತ್ತು ಅಂಗಡಿ ತುಂಬ ಜನ. ಪಹಣಿಯಲ್ಲಿ ಅಪ್ಪನ ಹೆಸರು ತಪ್ಪಾಗಿದೆ ಎಂದು ಒಬ್ಬ ಅವರ ಮೇಲೆ ಎಗರಾಡುತ್ತಿದ್ದ. ಅಷ್ಟರಲ್ಲಿ ಟಿಣ್ ಎಂದಿತು. ಮೊಮ್ಮಗಳು ಮೇಜಿನ ಪಕ್ಕದಲ್ಲೇ ನಿಂತಿದ್ದಳು. "ಓದವ್ವ, ಜೋರಾಗಿ ಓದು" ಎಂದೆ.

ಓದಿದಳು: "ರೇಗಬೇಡ. ನೀನು ರೇಗಿದ್ದಕ್ಕೇ ಮಗಳು ಮನೆಗೆ ಬರುತ್ತಿಲ್ಲ."

ಎಗರಾಡುತ್ತಿದ್ದವನು ಕೈಯಲ್ಲಿದ್ದ ಪಹಣಿಯನ್ನು ಮೇಜಿನ ಮೇಲಿಟ್ಟ. ಹಿಂದಿನಿಂದ ಯಾರೋ, "ಓಹೋ, ಸಾಹೇಬ್ರು ತಣ್ಣಗಿರೋ ಗುಟ್ಟು ಇದೇ ಕಣ್ಲಾ" ಎಂದು ನಕ್ಕರು. ಅಂಗಡಿಯವರ ಕಿವಿ ಕೆಂಪಾಯಿತು. ಬರಹವನ್ನು ಅಳಿಸಿದರು. ಆಮೇಲೆ ನಮ್ಮ ಹುಡುಗಿಯ ಕಡೆ ಬಗ್ಗಿ, "ಒಂದಕ್ಸರನೂ ತಪ್ಪಲಿಲ್ಲ ಕಣವ್ವ, ಚೆಂದಾಗಿ ಓದ್ತೀಯ" ಎಂದರು.

ಈ ಮಾತು ಅವರ ಬಾಯಿಂದ ಬರಲೆಂದೇ ನಾನು ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಆ ಮಾತು ಬಂದಾಗ ನನಗೆ ತಲೆ ಎತ್ತಲಾಗಲಿಲ್ಲ.